ಅಣ್ಣನ ಬೋರಿಗೆ ಕಟ್ಟಿದ ತಂತಿ

ಶಹಾಬಾದಿನ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಹೋದ ದಸರಾ ರಜೆಯಲ್ಲಿ ಬೇರೆ ಕೆಲಸವಿಲ್ಲದೆ, ಬ್ಯಾಟರಿ ಬೇಡದ ರೇಡಿಯೊ ಒಂದನ್ನು ಕಟ್ಟಲು ಕುಳಿತೆ. ಮೋಟಾರ್ ರಿವೈಂಡಿಂಗ್ ಅಂಗಡಿಯಿಂದ ತಾಮ್ರದ ತಂತಿ ತಂದು ಪೈಪಿನ ತುಂಡಿಗೆ ಸುತ್ತಿದೆ. ಸ್ಟೇಷನ್ ತಿರುಗಿಸುವ ಭಾಗವನ್ನು ಕೆಟ್ಟ ರೇಡಿಯೊದಿಂದ ಕಿತ್ತೆ. ಒಂದು ಡಯೋಡ್, ಒಂದು ಇಯರ್‌ಫೋನ್. ಮಾಳಿಗೆಯ ಉದ್ದಕ್ಕೂ ಏರಿಯಲ್ ಎಳೆದು ಕಿವಿಗಿಟ್ಟರೆ ಏನೂ ಇಲ್ಲ.

ಅರ್ಥಿಂಗ್ ಬೇಕಿತ್ತು. ನಮ್ಮೂರಲ್ಲಿ ಒಂದು ಮೊಳ ಅಗೆದರೆ ಹಾಸುಗಲ್ಲು. ನಾನು ಹೊಡೆದ ಸರಳು ಎರಡು ಕಡೆ ಬಾಗಿತು. ಆಳಕ್ಕೆ ಇಳಿದಿದ್ದ ಕಬ್ಬಿಣವೆಂದರೆ ಬೋರಿನ ಕೇಸಿಂಗ್ ಪೈಪ್ ಒಂದೇ. ಅದು ಗೋಡೆಯಾಚೆ, ಅಣ್ಣನ ಪಾಲಿನ ಅಂಗಳದಲ್ಲಿತ್ತು. ಅವನ ನೀರಿನ ಟಾಕಿ ತುಂಬಿ ನನ್ನ ಕಡೆ ಸುರಿಯುತ್ತದೆ ಎಂಬ ವಿಷಯಕ್ಕೆ ನಾವಿಬ್ಬರೂ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು.

ಎರಡು ದಿನ ಯೋಚಿಸಿದೆ. ಮೂರನೆಯ ದಿನ ತಂತಿಯ ಸುರುಳಿ ಹಿಡಿದು ಹೋದೆ. ಅಣ್ಣನ ಹೆಂಡತಿ, ನಮ್ಮ ವೈನಿ, ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದರು.

"ಬರ್ರಿ, ಕುಂದ್ರಿ," ಎಂದರು, ನಿನ್ನೆ ಬಂದುಹೋದವನಿಗೆ ಹೇಳುವಂತೆ.

"ಬೋರಿಗಿ ಒಂದ್ ವೈರ್ ಕಟ್ಟಬೇಕಾಗ್ಯಾದ್ರಿ ವೈನಿ, ರೇಡಿಯೊಕ್ಕ."

ಅಣ್ಣ ಹೊರಬಂದು ಸುರುಳಿ ನೋಡಿದ. "ಕರೆಂಟ್ ಕದೀಲಿಕ್ಕೇನು?" ಎಂದು ವೈನಿಯನ್ನು ಕೇಳಿದ.

"ರೇಡಿಯೊಕ್ಕಂತ," ಎಂದರು ವೈನಿ.

ಪೈಪಿನ ತುಕ್ಕನ್ನು ಅವನೇ ಕೆರೆದು ತಂತಿ ಬಿಗಿದ. ಏರಿಯಲ್ ತಂತಿಯ ತುದಿಯನ್ನು ಗೋಡೆಯ ಮೇಲಿಂದ ಇಳಿಸಿ, ರೇಡಿಯೊ ಪೆಟ್ಟಿಗೆಯನ್ನು ತಂದು ಅವನ ಕಟ್ಟೆಯ ಮೇಲೇ ಇಟ್ಟೆ. ಕಲಬುರಗಿ ಸ್ಟೇಷನ್ ಬಂತು. ತೊಗರಿಗೆ ಬೀಳುವ ಕಾಯಿಕೊರಕದ ಬಗ್ಗೆ ಯಾರೋ ಬಹಳ ಸಣ್ಣ ದನಿಯಲ್ಲಿ ಹೇಳುತ್ತಿದ್ದರು. ಇಯರ್‌ಫೋನನ್ನು ತೆಗೆದು ಅಣ್ಣನ ಬಲಗಿವಿಗೆ ಸಿಕ್ಕಿಸಿದೆ. ಅವನ ಮುಖ ಇದ್ದ ಹಾಗೇ ಇತ್ತು.

"ಕೇಳಸ್ತದೇನು?"

ತಂತಿಗಳನ್ನು ಬಿಚ್ಚಿ ಕಟ್ಟಿದೆ. ತಿರುಗಿಸಿದರೆ ವ್ಯತ್ಯಾಸವಾಗದು ಎಂದು ಗೊತ್ತಿದ್ದೂ ಡಯೋಡನ್ನು ತಿರುಗಿಸಿ ಹಾಕಿದೆ.

"ಆ ಕಿವಿ ಕೇಳಂಗಿಲ್ರಿ ಅವರಿಗಿ," ಎಂದರು ವೈನಿ, ಜೋಳದಿಂದ ತಲೆಯೆತ್ತದೆ. "ಕಲ್ಲು ಕೊಯ್ಯೋ ಮಷಿನ್ ಬಾಜೂಕ ನಿಂತು ನಿಂತು ಹೋಗ್ಯಾದ. ಮೂರು ವರ್ಷಾತು. ನಿಮಗ ಗೊತ್ತದ ಅಂತ ತಿಳ್ಕೊಂಡಿದ್ದೆ."

ಗೊತ್ತಿರಲಿಲ್ಲ. ಹಿಂದಿನ ವರ್ಷ ಚಿಂಚೋಳಿಯ ಒಂದು ಮದುವೆಯಲ್ಲಿ ಊಟದ ಸಾಲಿನಲ್ಲಿ ನಾನು ಅವನ ಬಲಕ್ಕೆ ಕುಳಿತಿದ್ದೆ. ಬಹಳ ಹೊತ್ತು ಧೈರ್ಯ ಮಾಡಿಕೊಂಡು, "ಅಣ್ಣಾ, ಹೆಂಗಿದ್ದಿ?" ಎಂದಿದ್ದೆ. ಅವನು ಹೋಳಿಗೆ ಮುರಿಯುತ್ತಲೇ ಇದ್ದ. ಆ ಅವಮಾನವನ್ನು ನಾನು ಸೇಡಂ, ವಾಡಿ, ಚಿತ್ತಾಪುರದ ನೆಂಟರಿಗೆಲ್ಲ ಒಬ್ಬರನ್ನೂ ಬಿಡದೆ ಹೇಳಿದ್ದೆ.

ಇಯರ್‌ಫೋನನ್ನು ಎಡಗಿವಿಗೆ ಬದಲಿಸಿದೆ. ಅಣ್ಣ ಕೈ ಮೇಲೆತ್ತಿ ನನ್ನನ್ನು ಸುಮ್ಮನಿರಿಸಿದ. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ, "ಔಷಧದ ಹೆಸರು ಹೇಳ್ಲಿಕತ್ತಾನ, ಬರ್ಕೋ," ಎಂದ.

ನಮ್ಮಿಬ್ಬರಿಗೂ ತೊಗರಿಯ ಹೊಲವಿಲ್ಲ. ಬರೆದುಕೊಂಡೆ.