ಬೆಂಕಿ ತಾಗದ ಶಾಲಿನ ಮಜೂರಿ

ಮಂತ್ರದ ಸಾಮಾನಿಗೆ ಬೆಲೆ ಕಟ್ಟುವ ಕೆಲಸ ನನ್ನ ವೈರಿಗೂ ಬೇಡ. ಬನಹಟ್ಟಿಯಲ್ಲಿ ಸ್ವಂತ ಸೀರೆ ಅಂಗಡಿ ಇಟ್ಟುಕೊಂಡವನು ನಾನು. ವಾರವಿಡೀ ಗಿರಾಕಿಗಳ ಜೊತೆ ಚೌಕಾಸಿ ಮಾಡಿ ಗಂಟಲು ಹರಿದುಕೊಂಡಿರುತ್ತೇನೆ. ಭಾನುವಾರ ಮಧ್ಯಾಹ್ನ ಕದ ಮುಚ್ಚಿ, ಅದೇ ಗಾದಿಯ ಮೇಲೆ ಮತ್ತೆ ಚೌಕಾಸಿಗೆ ಕೂಡುತ್ತೇನೆಂದರೆ ನನ್ನ ಬುದ್ಧಿಗೆ ಏನನ್ನಬೇಕು?

ಆಟ ಇಂಥದು. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರ ಕಟ್ಟಿಕೊಂಡು ಆ ಕಥೆಯೊಳಗೆ ಇಳಿಯುತ್ತಾರೆ. ನಮ್ಮಲ್ಲಿ ಕಥೆ ನಡೆಸುವವನು ನಾನು, ಹಾಗಾಗಿ ರಾಜ, ರಾಕ್ಷಸ, ಅಂಗಡಿಯವ, ಅಂಬಿಗ ಎಲ್ಲ ನಾನೇ. ಬೀಸಿದ ಕತ್ತಿ ತಾಗಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ನಿಯಮಗಳಿಗೊಂದು ದಪ್ಪ ಇಂಗ್ಲಿಷ್ ಪುಸ್ತಕವಿದೆ. ಅದರಲ್ಲಿ ಮಂತ್ರದ ಕತ್ತಿಗೆ ಇಷ್ಟು ಚಿನ್ನದ ನಾಣ್ಯ, ಮಂತ್ರದ ಉಂಗುರಕ್ಕೆ ಇಷ್ಟು ಎಂದು ಪಟ್ಟಿ ಕೊಟ್ಟಿದ್ದಾರೆ. ಆದರೆ ಆಡುವವರು ತಮ್ಮ ತಲೆಯಿಂದಲೇ ಹೊಸ ಸಾಮಾನು ಹುಟ್ಟಿಸಿ ಮಾಡಿಸಿಕೊಡು ಎಂದರೆ? ಅಲ್ಲಿ ಪುಸ್ತಕ ಕೈ ತೊಳೆದುಕೊಂಡುಬಿಡುತ್ತದೆ. ಕಥೆ ನಡೆಸುವವರು ವಿವೇಚನೆಯಿಂದ ಬೆಲೆ ಗೊತ್ತುಮಾಡಬೇಕಂತೆ. ಬರೆದ ಪುಣ್ಯಾತ್ಮ ನಮ್ಮ ಕಡೆಯವರ ಜೊತೆ ಒಂದು ದಿನ ವ್ಯಾಪಾರ ಮಾಡಿದ್ದರೆ ಆ ಮಾತು ಬರೆಯುತ್ತಿರಲಿಲ್ಲ.

ಆಡುವವರು ಮೂರು ಜನ. ಸಾವಳಗಿಯ ಕಡೆಯ ಒಬ್ಬ ಕುರಿ ವ್ಯಾಪಾರಿ. ಮುಧೋಳದಿಂದ ಬಸ್ಸಿಗೆ ಬರುವ ಒಬ್ಬ ಗಣಿತದ ಟೀಚರ್. ಮೂರನೆಯವನು ನನ್ನ ಸಾಲಿಯ ಗೆಳೆಯ, ನೇಕಾರ. ಒಂದೇ ಬೆಂಚಿನಲ್ಲಿ ಕೂತು ನನಗೆ ಲೇ ಅನ್ನುತ್ತಿದ್ದವನು, ನನ್ನ ಅಂಗಡಿಗೆ ಸೀರೆ ನೇಯತೊಡಗಿದ ಮೇಲೆ ರೀ ಹಚ್ಚಿ ಮಾತಾಡುತ್ತಾನೆ. ನೂಲು ನಾನು ಕೊಡುತ್ತೇನೆ, ಮಗ್ಗ ಅವನದು, ಸೀರೆಗೆ ಇಷ್ಟು ಎಂದು ಮಜೂರಿ. ಆ ಮಜೂರಿ ಕೆಲವು ವರ್ಷಗಳಿಂದ ಇದ್ದಷ್ಟೇ ಇದೆ. ಅವನು ಕೇಳಿರಲಿಲ್ಲ, ನಾನು ಏರಿಸಿರಲಿಲ್ಲ.

ಮೊದಲು ನನ್ನ ತಲೆ ತಿಂದವನು ಕುರಿ ವ್ಯಾಪಾರಿ. ಅವನಿಗೆ ಕುರಿಯ ಕೊರಳಿಗೆ ಕಟ್ಟುವ ಒಂದು ಗಂಟೆ ಬೇಕಿತ್ತು. ವೈರಿ ಹತ್ತಿರ ಬಂದರೆ ತಾನೇ ಬಾರಿಸಬೇಕು. ಪಾಪ, ಸಣ್ಣ ಆಸೆ ಎಂದು ಅಗ್ಗದಲ್ಲಿ ಕೊಟ್ಟೆ. ಮುಂದಿನ ವಾರ ಹನ್ನೆರಡು ಗಂಟೆ ಕೊಂಡು, ಹನ್ನೆರಡು ಕುರಿಗೆ ಕಟ್ಟಿ, ಬಿಡಾರದ ಸುತ್ತ ಬಿಟ್ಟ. ಅಲ್ಲಿಂದ ಮುಂದೆ ನನ್ನ ಒಬ್ಬ ಕಳ್ಳನೂ ಒಬ್ಬ ರಾಕ್ಷಸನೂ ಅವರ ಹತ್ತಿರ ಸುಳಿಯಲಾಗಲಿಲ್ಲ. ಟೀಚರ್ ಇನ್ನೂ ಒಂದು ಕೈ ಮೇಲು. ಗೋಡೆಯ ಮೇಲೆ ಬರೆದರೆ ಬಾಗಿಲಾಗುವ ಸೀಮೆಸುಣ್ಣ ಕೇಳಿದರು. ದೊಡ್ಡ ಬೆಲೆ ಹೇಳಿದೆ.

“ಸೋಮವಾರ ಅಷ್ಟ ನಡೀಲಿ ಸರ್, ಅರ್ಧಾ ಮಾಡ್ರಿ,” ಅಂದರು. ಮಾಡಿದೆ.

“ಎಡಗೈಲೆ ಬರದ್ರ ಅಷ್ಟ ನಡೀಲಿ. ಮತ್ತ ಅರ್ಧಾ ಮಾಡ್ರಿ.”

ಹೀಗೆ ಅರ್ಧದ ಅರ್ಧ ಇಳಿಸಿ ಇಳಿಸಿ, ಕೊನೆಗೆ ಆ ಸೀಮೆಸುಣ್ಣ ಒಂದು ಪ್ಲೇಟು ಮಿರ್ಚಿ ಭಜಿಗಿಂತ ಅಗ್ಗವಾಯಿತು. ಅವರ ಪಾತ್ರ ಎಡಚಿ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಸಿಟ್ಟಿಗೆ ಪುಸ್ತಕ ಎತ್ತಿ ಒಗೆದಿದ್ದೆ. ಅವರೇ ಎದ್ದುಹೋಗಿ ತಂದುಕೊಟ್ಟರು.

ಸಾಕಪ್ಪಾ ಸಾಕು ಎಂದು ನಾನೇ ಒಂದು ಲೆಕ್ಕದ ಪದ್ಧತಿ ಮಾಡಿದೆ. ಮಂತ್ರದ ಬಲ ಎಷ್ಟು, ದಿನಕ್ಕೆ ಎಷ್ಟು ಸಲ ನಡೆಯುತ್ತದೆ, ಸಾಮಾನಿನ ಖರ್ಚು ಎಷ್ಟು, ಅದರ ಮೇಲೆ ಅಂಗಡಿಯವನ ಲಾಭ ಎಷ್ಟು. ಇಪ್ಪತ್ತು ವರ್ಷ ಸೀರೆ ಮಾರಿದ ಅನುಭವವನ್ನೆಲ್ಲ ಅದಕ್ಕೆ ಸುರಿದಿದ್ದೆ. ಇನ್ನು ಯಾವನೂ ತುಟಿ ಪಿಟಕ್ಕೆನ್ನಬಾರದು ಎಂದುಕೊಂಡೆ.

ಕಥೆ ಆಗ ಡ್ರಾಗನ್ನಿನ ಗವಿಯ ಬಾಗಿಲಿಗೆ ಬಂದು ನಿಂತಿತ್ತು. ರೆಕ್ಕೆಯ ದೊಡ್ಡ ಹಾವಿನಂಥ ಪ್ರಾಣಿ, ಬೆಂಕಿ ಉಗುಳುತ್ತದೆ. ಒಳಗೆ ಹೋಗಬೇಕೆಂದರೆ ಬೆಂಕಿ ತಾಗದ ಶಾಲು ಬೇಕು. ನನ್ನ ಗೆಳೆಯನ ಪಾತ್ರವೂ ನೇಕಾರನೇ, ಮಂತ್ರ ಬಲ್ಲ ನೇಕಾರ. ಅಂಥ ಶಾಲು ನೇಯಬಲ್ಲವನು ಆ ರಾಜ್ಯದಲ್ಲಿ ಅವನೊಬ್ಬನೇ. ರಾಜನ ಖಜಾಂಚಿ ಹಣ ಕೊಟ್ಟು ನೇಯಿಸಿಕೊಳ್ಳುತ್ತಾನೆ. ಆ ಖಜಾಂಚಿಯೂ ನಾನೇ. ಪದ್ಧತಿಯ ಪ್ರಕಾರ ಲೆಕ್ಕ ಹಾಕಿ ಬೆಲೆ ಹೇಳಿದೆ.

ಗೆಳೆಯ ನನ್ನ ಲೆಕ್ಕದ ಹಾಳೆ ಇಸಿದುಕೊಂಡು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದ.

“ಇದರಾಗ ಮಜೂರಿ ಎಲ್ಲೈತ್ರಿ?”

“ಎಲ್ಲಾ ಅದರಾಗ ಬಂತಪಾ.”

“ಬಂದಿಲ್ಲ್ರಿ. ನೂಲಿಂದ ಐತಿ, ಮಂತ್ರದ್ದ ಐತಿ, ಅಂಗಡಿ ಲಾಭ ಸೈತ ಐತಿ. ನೇಯ್ದಾಂವಂದ ಇಲ್ಲ.”

ಇದ್ದಕ್ಕಿದ್ದಂತೆ ಮೈ ಉರಿಯಿತು. ಆಟ ಅದು! ಡ್ರಾಗನ್ ಬಾಯಿ ತೆರೆದು ನಿಂತಿದೆ, ಇವನು ಮಜೂರಿ ಎನ್ನುತ್ತಾನೆ. ಪುಸ್ತಕದಲ್ಲಿ ಹಾಗೆ ಬರೆದಿಲ್ಲ ಎಂದೆ. ಟೀಚರ್ ಪುಟ ತಿರುವಿ, ಹೌದು, ಬರೆದಿಲ್ಲ ಎಂದರು. ಅವನು ಬಿಡಲಿಲ್ಲ. ಶಾಲು ನೇಯಲು ಎಷ್ಟು ದಿನ ಹಿಡಿಯುತ್ತದೆ, ಮಗ್ಗಕ್ಕೆ ಹಾಸಿನ ನೂಲು ಹೂಡುವವರು ಯಾರು, ಅಂಚಿಗೆ ಬೇರೆ ನೂಲು ಬಂದರೆ ದಿನಕ್ಕೆ ಎಷ್ಟು ಮೊಳ ಸಾಗುತ್ತದೆ ಎಂದೆಲ್ಲ ಕೇಳಿದ.

“ಲಾಳಿ ಒಳಗ ಹಾಕು ನೂಲಿನ ಕಂಡಿಕಿ ಯಾರ ಸುತ್ತತಾರ? ಆ ನೇಕಾರಗ ಮನ್ಯಾಗ ಹೆಣ್ತಿ ಅದಾಳೋ ಇಲ್ಲೋ?”

“ಮಂತ್ರದಿಂದ ತಾನ ಸುತ್ತಕೋತೈತಿ ಮಾರಾಯಾ.”

“ಮಂತ್ರದಿಂದನ ಎಲ್ಲಾ ಆಗೂದಾದ್ರ ನಾ ಯಾಕ ಬೇಕ್ರಿ ನಿಮಗ?”

ಆ ಭಾನುವಾರ ಅಲ್ಲಿಗೇ ಮುಗಿಯಿತು. ಮುಂದಿನ ಭಾನುವಾರವೂ ಅದೇ ರಾಮಾಯಣ. ನೂರು ನಾಣ್ಯ ಹೆಚ್ಚಿಗೆ ತಗೋ, ಬಾಯಿ ಮುಚ್ಚು ಎಂದೆ. ಭಿಕ್ಷೆ ಬೇಡ, ಮಜೂರಿ ಎಂದು ಬೇರೆಯಾಗಿ ಹಿಡಿಯಿರಿ, ಇಲ್ಲದಿದ್ದರೆ ನಾನು ಆಟಕ್ಕೆ ಬರುವುದಿಲ್ಲ ಎಂದುಬಿಟ್ಟ. ಎಂದೂ ದನಿ ಎತ್ತಿದವನಲ್ಲ. ಅವನಿಲ್ಲದೆ ಶಾಲಿಲ್ಲ, ಶಾಲಿಲ್ಲದೆ ಕಥೆಯಿಲ್ಲ. ಈ ನಾಲ್ಕು ಊರು ಹುಡುಕಿದರೂ ಇಂಥ ಆಟ ಆಡುವ ಐದನೆಯ ಮನುಷ್ಯ ನನಗೆ ಸಿಕ್ಕಿಲ್ಲ. ಆ ವಾರ ಸೀರೆ ಕೊಡಲು ಅಂಗಡಿಗೆ ಬಂದಾಗ ಅವನು ಶಾಲಿನ ಸುದ್ದಿಯನ್ನೇ ಎತ್ತಲಿಲ್ಲ. ಎಂದಿನಂತೆ ಸೀರೆ ಎಣಿಸಿಕೊಟ್ಟು, ಎಂದಿನ ಮಜೂರಿ ಇಸಿದುಕೊಂಡು, ನೂಲಿನ ಗಂಟು ಸೈಕಲ್ಲಿಗೆ ಕಟ್ಟಿ ಹೋದ. ಆಟದಲ್ಲಿ ಹುಲಿ, ಅಂಗಡಿಯಲ್ಲಿ ಆಕಳು ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಮೂರನೆಯ ಭಾನುವಾರ ಬಂದ. ಆದರೆ ದಾಳ ಮುಟ್ಟಲಿಲ್ಲ, ಗೋಡೆಗೆ ಒರಗಿ ಕೂತ. ಕುರಿ ವ್ಯಾಪಾರಿಗೆ ತಡೆಯಲಾಗಲಿಲ್ಲ.

“ಏ, ನಿಮ್ಮ ವಾದಾ ಕೇಳಿ ಕೇಳಿ ಆ ಪ್ರಾಣಿ ಹಸದ ಸತ್ತ ಹೋಗಿರತೈತಿ. ಸಂತ್ಯಾಗ ಹ್ಯಾಂಗ ಮಾಡ್ತೇವಿ ಹಂಗ ಮಾಡ್ರಿ. ಟವಲ್ ಹಾಕ್ರಿ. ಇಬ್ಬರ ನಡಕ ಮುಗೀಲಿ, ನಮಗೂ ಗೊತ್ತಾಗೂದ ಬ್ಯಾಡ.”

ಹೆಗಲ ಮೇಲಿನ ಟವೆಲು ತೆಗೆದು ನಮ್ಮಿಬ್ಬರ ಕೈ ಮೇಲೆ ಹೊದಿಸಿಯೂಬಿಟ್ಟ. ದನ, ಕುರಿಯ ವ್ಯಾಪಾರ ಹೀಗೇ ನಡೆಯುವುದು. ಬಾಯಲ್ಲಿ ಬೆಲೆ ಆಡುವುದಿಲ್ಲ. ಬಟ್ಟೆಯ ಕೆಳಗೆ ಒಬ್ಬ ಇನ್ನೊಬ್ಬನ ಬೆರಳು ಹಿಡಿಯುತ್ತಾನೆ. ಹಿಡಿದ ಬೆರಳಷ್ಟು ನೂರೋ, ಅಷ್ಟು ಸಾವಿರವೋ. ಸುತ್ತ ನಿಂತವರಿಗೆ ಮುಖ ಬಿಟ್ಟು ಬೇರೇನೂ ಕಾಣುವುದಿಲ್ಲ. ಹೇಗಾದರೂ ಈ ಪೀಡೆ ತೊಲಗಲಿ ಎಂದು ಕೈ ಕೊಟ್ಟೆ. ಎಷ್ಟು ಸಾವಿರ ಕೇಳಿದರೂ ಹೂಂ ಅನ್ನಲು ತಯಾರಿದ್ದೆ. ಆಟದ ನಾಣ್ಯ, ನನ್ನ ಗಂಟೇನು ಹೋಗಬೇಕು?

ಅವನು ನನ್ನ ಎರಡು ಬೆರಳು ಹಿಡಿದ. ಮಗ್ಗ ನಡೆಸಿ ನಡೆಸಿ ಗಡುಸಾದ ಕೈ.

“ಸಾವಿರನ?” ಎಂದೆ.

ಅವನು ಕಿವಿಯ ಹತ್ತಿರ ಬಾಗಿದ. ಉಳಿದಿಬ್ಬರಿಗೆ ಕೇಳದಷ್ಟು ಸಣ್ಣ ದನಿ. “ನೂರಾ. ನಾಣ್ಯ ಅಲ್ಲ್ರೀ, ರೂಪಾಯಿ. ಒಂದ ಸೀರಿಗೆ, ಈಗ ಕೊಡೂದರ ಮ್ಯಾಲ.”

ಗಾದಿಯ ಮುಂದೆ ನಿಂತು ಕೇಳಲಾಗದ್ದನ್ನು ಮೂರು ಭಾನುವಾರದಿಂದ ಈ ಮನುಷ್ಯ ಕೇಳುತ್ತಲೇ ಇದ್ದ. ಲೆಕ್ಕದ ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದ್ದ. ನಾನು ಪುಸ್ತಕ ತೋರಿಸಿದ್ದೆ, ಬಾಯಿ ಮುಚ್ಚು ಎಂದಿದ್ದೆ. ನಾಚಿಕೆಯಾಯಿತು, ಖರೇನೇ ನಾಚಿಕೆಯಾಯಿತು. ಅವನ ಮುಖ ನೋಡಿದೆ. ಅವನು ಟವೆಲನ್ನೇ ನೋಡುತ್ತಿದ್ದ. ಆ ಎರಡು ನೂರು ನನಗೆ ದೊಡ್ಡದಲ್ಲ. ಒಂದು ಸೀರೆಯ ಮೇಲೆ ಅದಕ್ಕಿಂತ ಹೆಚ್ಚಿಗೆಯನ್ನು ಗಿರಾಕಿಗೆ ನಗುತ್ತ ಬಿಟ್ಟುಕೊಟ್ಟದ್ದುಂಟು.

ಇಷ್ಟೆಲ್ಲ ಅನಿಸುತ್ತಿದ್ದಂತೆಯೇ ಟವೆಲಿನ ಕೆಳಗೆ ನನ್ನ ಕೈ ತನ್ನ ರೂಢಿಯ ಚೌಕಾಸಿ ಮಾಡಿ ಮುಗಿಸಿತ್ತು. ನಾನು ಅವನ ಒಂದೇ ಬೆರಳು ಹಿಡಿದಿದ್ದೆ.

ಹಿಡಿದ ಮೇಲೆಯೇ ನನಗೆ ಗೊತ್ತಾದದ್ದು. ಬಿಟ್ಟು ಮತ್ತೆ ಹಿಡಿಯೋಣ ಎನ್ನುವಷ್ಟರಲ್ಲಿ ಅವನು, “ಆತು ಬಿಡ್ರಿ,” ಎಂದು ಜೋರಾಗಿ ಹೇಳಿ ಕೈ ಹಿಂದಕ್ಕೆಳೆದುಕೊಂಡ. ಕುರಿ ವ್ಯಾಪಾರಿ ಚಪ್ಪಾಳೆ ಹೊಡೆದು ಟವೆಲು ಝಾಡಿಸಿ ಹೆಗಲಿಗೆ ಹಾಕಿಕೊಂಡ.

ಟೀಚರ್ ಪೆನ್ನು ಹಿಡಿದು ಕಾಯುತ್ತಿದ್ದರು. “ಎಷ್ಟಕ್ಕ ಮುಗೀತ್ರಿ ಸರ್? ಖಜಾಂಚಿ ಎಷ್ಟ ಕೊಟ್ಟಾ ಅಂತ ಬರ್ಕೋಬೇಕಲ್ಲ.”

ಗೆಳೆಯನೇ ದಾಳ ಕೈಗೆ ತಗೊಂಡು, ನನ್ನ ಕಡೆ ನೋಡದೆ ಹೇಳಿದ:

“ನಾ ಕೇಳಿದಷ್ಟೂ ಕೊಟ್ಟಾರ್ರಿ ಟೀಚರ್. ಹಂಗ ಬರ್ಕೋರಿ.”

ಅವರು ಹಾಗೆಯೇ ಬರೆದುಕೊಂಡರು. ನಾನು ತಿದ್ದಲಿಲ್ಲ.