ಮೆರ್ಮೆಯ ಹಲ್ಲಿಗೆ ಒಗ್ಗುವ ಪೈಪು

ತಂಬಾಕು ಸೇದುವ ಪೈಪು ಕೊಳ್ಳಲು ಬರುವವರಲ್ಲಿ ಎರಡು ಥರ. ಒಬ್ಬ ಅದನ್ನು ಕೈಯಲ್ಲಿ ಹಿಡಿದು ಕನ್ನಡಿ ನೋಡುತ್ತಾನೆ. ಇನ್ನೊಬ್ಬ ಹಲ್ಲಿನಲ್ಲಿ ಕಚ್ಚಿಕೊಂಡು ಎರಡೂ ಕೈ ಇಳಿಬಿಟ್ಟು ನಿಲ್ಲುತ್ತಾನೆ. ಮೊದಲನೆಯವನಿಗೆ ನಾನು ಏನನ್ನು ಬೇಕಾದರೂ ಮಾರಬಲ್ಲೆ. ಎರಡನೆಯವನು ಬಾಗಿಲು ತಳ್ಳಿಕೊಂಡು ಬಂದರೆ ಇವತ್ತಿನ ಮಧ್ಯಾಹ್ನ ಹೋಯಿತು ಎಂದುಕೊಳ್ಳುತ್ತೇನೆ. ಮರದ ಗೆರೆ, ಹೊಳಪು, ಡಬ್ಬಿಯ ಮಖಮಲ್ಲು ಯಾವುದೂ ಅವನಿಗೆ ಬೇಡ. ಪೈಪು ಎಷ್ಟು ಹಗುರ, ಕಚ್ಚುವ ತುದಿ ಎಷ್ಟು ತೆಳು, ತುದಿಯ ಏಣು ಹಲ್ಲಿನ ಹಿಂದೆ ಜಾರದೆ ಕೂರುತ್ತದೆಯೇ, ಅಷ್ಟೇ. ಕಚ್ಚಿದರೆ ಕೊಂಡ ಹಾಗೆ ಎಂಬುದು ನನ್ನ ಅಂಗಡಿಯ ಕಟ್ಟಳೆ. ಆದ್ದರಿಂದ ಅವನು ಕಚ್ಚುವ ಮೊದಲು ಅರ್ಧ ಗಂಟೆ ಬೆರಳ ಮೇಲೆ ತೂಗಿ ನೋಡುತ್ತಾನೆ, ನಾನು ಅವನನ್ನು ನೋಡುತ್ತೇನೆ.

ನಮ್ಮ ಸೆಂ-ಕ್ಲೋದಿನಲ್ಲಿ ಈ ಎರಡನೆಯ ಥರದವರೇ ಹೆಚ್ಚು. ಪೈಪು ಮಾಡಿಯೇ ಬದುಕುವ ಊರು, ಇಲ್ಲಿ ಯಾರ ಕೈ ಯಾವಾಗ ಖಾಲಿ ಇರುತ್ತದೆ?

ಲುಪಿಸಾನ್ ಮೆರ್ಮೆ ಇಂಥವರಿಗೆಲ್ಲ ಗುರುವಿದ್ದ ಹಾಗೆ. ಶಾಲೆಯಲ್ಲಿ ನನ್ನ ಪಕ್ಕದಲ್ಲೇ ಕೂತು ಪಾದ್ರಿಯ ಕೋಲಿನ ರುಚಿ ಕಂಡವನು. ಆಮೇಲೆ ನಾನು ಅಂಗಡಿಗೆ ಕೂತೆ, ಅವನು ದ್ಯುಪ್ರೆಯವರ ಕಾರ್ಖಾನೆ ಸೇರಿದ. ಅಲ್ಲಿ ಮೂವತ್ತೈದು ವರ್ಷ ಅವನ ಕೆಲಸ ಒಂದೇ: ಪೈಪಿನ ತುದಿಗೆ ಅರ ಹಾಕಿ ಉಜ್ಜುವುದು. ಒರಟಾದ ಕರಿ ರಬ್ಬರಿನ ಕೊಳವೆ ಅವನ ಮೇಜಿಗೆ ಬರುತ್ತಿತ್ತು, ಹೋಗುವಾಗ ಬಾತುಕೋಳಿಯ ಕೊಕ್ಕಿನಷ್ಟು ತೆಳುವಾಗಿರುತ್ತಿತ್ತು. ಅಳತೆಗೆ ಅವನಿಗೆ ಸಲಕರಣೆ ಬೇಕಿರಲಿಲ್ಲ. ಬಾಯಿಗಿಟ್ಟು ಕಚ್ಚುವನು, ತಲೆ ಆಡಿಸುವನು, ಮತ್ತೆರಡು ಸಲ ಅರ ಎಳೆಯುವನು. ಆಮೇಲೆ ಸ್ಪಿರಿಟಿನಲ್ಲಿ ಒರೆಸುತ್ತಿದ್ದರಂತೆ. ನಾನು ವಿಚಾರಿಸಲು ಹೋಗಲಿಲ್ಲ. ಮಾರುವವನು ಎಲ್ಲವನ್ನೂ ತಿಳಿದುಕೊಂಡರೆ ಮುಖ ಕೆಡುತ್ತದೆ.

ಆ ಸಾಲಿನಲ್ಲಿ ಅರ ಹಾಕುವವರು ಎಂಟು ಜನ. ಅವನ ಪಕ್ಕದ ಮೇಜು ಜೆಲಿಯದು. ಮಾತು ಖಾರ, ಕೈ ಅವನಷ್ಟೇ ಚೊಕ್ಕ. ಅವನ ಕೈಗಿಂತ ಒಂದು ಕೂದಲೆಳೆ ಮೇಲು ಎಂದು ಅವಳೇ ಹೇಳುತ್ತಿದ್ದಳು, ಅವನೂ ಇಲ್ಲವೆನ್ನುತ್ತಿರಲಿಲ್ಲ.

ಯುದ್ಧ ಮುಗಿದ ಆರನೆಯ ವರ್ಷ ಯಂತ್ರ ಬಂತು. ರಬ್ಬರನ್ನು ಅಚ್ಚಿಗೆ ಒತ್ತಿದರೆ ತುದಿ ಸಿದ್ಧವಾಗಿಯೇ ಹೊರಬೀಳುತ್ತಿತ್ತು. ದಪ್ಪವೆಂದರೆ ಹೆಬ್ಬೆರಳನ್ನು ಕಚ್ಚಿದ ಹಾಗೆ. ಯಜಮಾನ ದ್ಯುಪ್ರೆ ಮೊದಲನೆಯ ತುದಿಯನ್ನು ತಂದು ಎಲ್ಲರೆದುರು ಮೆರ್ಮೆಯ ಕೈಗೆ ಕೊಟ್ಟರು.

"ಕಚ್ಚಿ ನೋಡಿ ಹೇಳಿ ಮೆರ್ಮೆ. ನೀವು ಬೇಡ ಅಂದ್ರೆ ನಾಳೆನೇ ವಾಪಸ್ ಕಳಿಸ್ತೀನಿ."

ಮೆರ್ಮೆ ಕಚ್ಚಿದ. ಎಡಗಡೆ ಕಚ್ಚಿದ, ಬಲಗಡೆ ಕಚ್ಚಿದ. ಏಳು ಜನ ಅರ ಕೆಳಗಿಟ್ಟು ಅವನ ದವಡೆಯನ್ನೇ ನೋಡುತ್ತಿದ್ದರು.

"ಒಗ್ಗುತ್ತೆ ಮೊಸ್ಯೂ," ಎಂದ.

ಮುಂದಿನ ತಿಂಗಳು ಏಳು ಜನ ಮನೆಗೆ ಹೋದರು. ಮೆರ್ಮೆಯನ್ನು ಹೊಳಪು ಕೊಡುವ ಚಕ್ರದ ಮುಂದೆ ಕೂರಿಸಿದರು. ಯಾರೂ ಅವನಿಗೆ ಮೊದಲೇ ಮಾತು ಕೊಟ್ಟಿರಲಿಲ್ಲವಂತೆ, ಅದು ನಿಜವೇ ಇರಬಹುದು. ಎಷ್ಟೋ ಸಲ ಮಾತು ಕೊಡುವ ಅಗತ್ಯವೇ ಬೀಳುವುದಿಲ್ಲ.

ಆರು ವರ್ಷ ಆ ಚಕ್ರ ಅವನ ಕೈಗಳನ್ನು ಕುಲುಕಿತು. ಈಗ ಚಕ್ರ ನಿಂತರೂ ಕೈ ನಿಲ್ಲುವುದಿಲ್ಲ. ಸೂಪಿನ ಚಮಚ ಬಾಯಿ ಸೇರುವಷ್ಟರಲ್ಲಿ ಅರ್ಧ ಖಾಲಿ. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಉಳಿದಿದ್ದ ಸುಖ ಪೈಪೊಂದೇ, ಅದನ್ನೂ ಕೈಯಲ್ಲಿ ಹಿಡಿದು ಸೇದುವಂತಿಲ್ಲ. ಹಲ್ಲಿನಲ್ಲೇ ನಿಲ್ಲಬೇಕು. ಹಲ್ಲೋ, ಎಡಗಡೆ ಮೇಲೆರಡು, ಕೆಳಗೆರಡು ಎದುರುಬದುರಾಗಿ ಉಳಿದಿದ್ದವು. ಬೇರೆಡೆ ಇದ್ದವು ಒಂದಕ್ಕೊಂದು ತಾಗುತ್ತಿರಲಿಲ್ಲ. ತಾನೇ ಅರ ಹಾಕಿಕೊಂಡಿದ್ದ ಹಳೆಯ ಪೈಪು ನಿವೃತ್ತಿಗೆ ಮೊದಲಿನ ಚಳಿಗಾಲದಲ್ಲಿ ಸೇತುವೆಯ ಮೇಲೆ ಕೈಜಾರಿ ಬಿಯೆನ್ ನದಿಗೆ ಬಿತ್ತು. ನನ್ನಲ್ಲಿದ್ದ ಹಳೆಯ ಮಾಲು ಯಾವಾಗಲೋ ಖರ್ಚಾಗಿತ್ತು. ಆ ನಾಲ್ಕು ಹಲ್ಲಿಗೆ ಕೂರುವ ಪೈಪು ಸಿಕ್ಕರೆ ಅವನು ಸೇದುತ್ತಾನೆ, ಸಿಗದಿದ್ದರೆ ಇಲ್ಲ. ಲೆಕ್ಕ ಅಷ್ಟು ಸರಳವಾಗಿತ್ತು.

ದ್ಯುಪ್ರೆಯವರಲ್ಲಿ ಒಂದು ಪದ್ಧತಿ. ನಿವೃತ್ತನಾಗುವವನು ಗಾಜಿನ ಬೀರುವಿನಿಂದ ತನಗೆ ಬೇಕಾದ ಪೈಪನ್ನು ತಾನೇ ಆರಿಸಿಕೊಳ್ಳಬೇಕು. ಯಜಮಾನರೇ ಅದಕ್ಕೆ ತಂಬಾಕು ತುಂಬಿ ಕಡ್ಡಿ ಗೀರುತ್ತಾರೆ. ಮೆರ್ಮೆಯ ದಿನ ನನಗೂ ಕರೆ ಬಂದಿತ್ತು. ಬಿಳಿ ವೈನು, ಕೊಂತೆ ಚೀಸು, ಪತ್ರಿಕೆಯಿಂದ ಬಂದ ಫೋಟೋದವನು. ದ್ಯುಪ್ರೆ ಬೀರುವಿನ ಬಾಗಿಲು ತೆರೆದು, "ಯಾವುದು ಬೇಕೋ ತಗೊಳ್ಳಿ ಮೆರ್ಮೆ, ಸಂಕೋಚ ಬೇಡ," ಎಂದರು.

ಮೆರ್ಮೆ ಒಂದನ್ನು ತೆಗೆದು ಬೆರಳ ಮೇಲೆ ತೂಗಿದ. ಇಟ್ಟ. ಇನ್ನೊಂದನ್ನು ಕಚ್ಚಿದ. ಇಟ್ಟ. ಐದಾಯಿತು, ಹತ್ತಾಯಿತು. ಕೆಲಸಗಾರರು ಮೊದಲು ನಗುತ್ತಿದ್ದರು.

"ಮದುವೆಗೆ ಹೆಣ್ಣು ನೋಡೋಕೂ ಇಷ್ಟು ಹೊತ್ತು ಮಾಡಿರ್ಲಿಲ್ಲವಲ್ಲೋ!"

"ಆಗ ಕಚ್ಚಿ ನೋಡೋಕೆ ಬಿಟ್ಟಿರ್ಲಿಲ್ಲ ಕಣೋ!" ಎಂದ ಇನ್ನೊಬ್ಬ.

ಹದಿನೈದನೆಯದಕ್ಕೆ ನಗು ನಿಂತಿತು. ಒಂದೂ ಕೂರುತ್ತಿರಲಿಲ್ಲ. ತುದಿ ದಪ್ಪ, ಆ ನಾಲ್ಕು ಹಲ್ಲು ಬಾಯಿ ಕಳೆದಂತೆ ಅಗಲವಾಗಿ ನಿಲ್ಲುತ್ತಿದ್ದವು, ಪೈಪು ನಿಧಾನವಾಗಿ ಗದ್ದದ ಕಡೆ ವಾಲುತ್ತಿತ್ತು. ಫೋಟೋದವನು ಗಡಿಯಾರ ನೋಡಿಕೊಂಡ. ದ್ಯುಪ್ರೆ ಮುಗುಳ್ನಕ್ಕು, "ಏನು ಮೆರ್ಮೆ, ನಮ್ಮ ಪೈಪಲ್ಲಿ ಏನಾದ್ರೂ ಕೊರತೆ ಇದೆಯಾ?" ಎಂದರು.

ಹಿಂದೆ ನಿಂತಿದ್ದ ಹಳೆಯ ಕೆಲಸಗಾರರ ನಡುವಿನಿಂದ ಒಬ್ಬ ಹೆಂಗಸಿನ ದನಿ ಬಂತು: "ಆವತ್ತು ಒಗ್ಗಿತ್ತಲ್ಲಪ್ಪ!"

ಮೆರ್ಮೆಯ ಕಿವಿ ಕೆಂಪಾದವು. ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡ. ಬೀರುವಿನಲ್ಲೇ ಅತ್ಯಂತ ದೊಡ್ಡದು, ಬೆಳ್ಳಿಯ ಉಂಗುರದ್ದು, ಸುತ್ತಿಗೆಯಷ್ಟು ಭಾರ. "ಇದೇ ಮೊಸ್ಯೂ. ಚೆನ್ನಾಗಿದೆ," ಎಂದ. ದ್ಯುಪ್ರೆ ತಂಬಾಕು ತುಂಬಿ ಕಡ್ಡಿ ಗೀರಿದರು. ಕಚ್ಚಿಕೊಂಡ ಪೈಪು ಬೀಳದಂತೆ ಕೈ ಆಸರೆ ಕೊಟ್ಟ, ಕೈ ನಡುಗಿ ಕೆಂಡ ಕಾಲರಿನ ಮೇಲೆ ಉದುರಿತು. ಮರುದಿನದ ಪತ್ರಿಕೆಯಲ್ಲಿ ಎಲ್ಲರೂ ಸ್ಪಷ್ಟವಾಗಿದ್ದರು, ಪೈಪಿನ ಜಾಗದಲ್ಲಿ ಮಾತ್ರ ಒಂದು ಕರಿ ಮಸುಕು.

ಎರಡು ದಿನದ ನಂತರ ಅವನು ಅಂಗಡಿಗೆ ಬಂದ.

"ಜೆಲಿ ಮನೆಗೆ ಹೋಗ್ಬೇಕು. ನೀನೂ ಬಾ. ನಾನೊಬ್ನೇ ಹೋದ್ರೆ ಬಾಗಿಲು ತೆಗೆಯಲ್ಲ ಅವಳು."

"ನನ್ನ ನೋಡಿದ್ರೆ ತೆಗೀತಾಳಾ?"

"ನಿನ್ನ ಬೈಯೋಕಾದ್ರೂ ತೆಗೀತಾಳೆ."

ಅವನ ಊಹೆ ಸರಿಯಾಗಿತ್ತು. ಜೆಲಿ ಬಾಗಿಲು ತೆರೆದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಓಹೋ, ವ್ಯಾಪಾರಿ! ಕಚ್ಚಿ ತೂತಾದ ಪೈಪನ್ನ ತಿಂಗಳಿಗೊಂದು ಡಬ್ಬಿ ಕಾರ್ಖಾನೆಗೆ ವಾಪಸ್ ಕಳಿಸ್ತಿದ್ದೆಯಲ್ಲ, 'ತುದಿ ತೆಳು, ಗಿರಾಕಿಗಳ ದೂರು' ಅಂತ ಕಾಗದ ಬರೆದು? ಯಂತ್ರಕ್ಕೆ ದಾರಿ ತೋರಿಸಿದವನೇ ನೀನು." ಇದು ಸುಳ್ಳಲ್ಲವಾದ್ದರಿಂದ ನಾನು ಟೋಪಿ ತೆಗೆದು ಕೂತೆ.

ಮೆರ್ಮೆ ಬೆಳ್ಳಿ ಉಂಗುರದ ಪೈಪನ್ನು ಮೇಜಿನ ಮೇಲಿಟ್ಟ. ಕಿಟಕಿಯ ಹತ್ತಿರ ಅವಳ ಅರಗಳು ಬಟ್ಟೆಯ ಮೇಲೆ ಸಾಲಾಗಿ ಇದ್ದವು. ಅವಳು ಈಗ ವಜ್ರ ಉಜ್ಜುವ ಕಡೆ ಕೆಲಸಕ್ಕೆ ಹೋಗುತ್ತಿದ್ದಳು, ಆದರೂ ಅರಗಳಿಗೆ ಎಣ್ಣೆ ಹಚ್ಚಿಟ್ಟಿದ್ದಳು.

"ಸ್ವಲ್ಪ ತೆಳು ಮಾಡಿಕೊಡು ಜೆಲಿ. ತೂಕಾನೂ ಇಳಿಸ್ಬೇಕು, ತಂಬಾಕು ತುಂಬೋ ಬಟ್ಟಲಿನ ಕೆಳಗೆ ಉಜ್ಜಿದ್ರೆ ಆಗುತ್ತೆ. ನನ್ನ ಕೈಲಿ ಅರ ನಿಲ್ಲಲ್ಲ."

ಅವಳು ಪೈಪನ್ನು ಎತ್ತಿ, ಬೆಳಕಿಗೆ ಹಿಡಿದು, ತುದಿಯ ಮೇಲೆ ಉಗುರು ಎಳೆದು ನೋಡಿದಳು. "ಒಂದೂವರೆ ಗಂಟೆ ಕೆಲಸ. ಮಾಡಿಕೊಡ್ತೀನಿ. ದುಡ್ಡು ಬೇಡ."

ಮೆರ್ಮೆಯ ಮುಖ ಅರಳಿತು.

"ಭಾನುವಾರ ಬೆಳಿಗ್ಗೆ ಸೇತುವೆ ಕೆಫೆಗೆ ಬಾ," ಎಂದಳು. "ನಾವು ಏಳು ಜನದಲ್ಲಿ ಇಬ್ರು ತೀರಿಹೋದ್ರು, ಐದು ಜನ ಅಲ್ಲೇ ಕೂತಿರ್ತೀವಿ. ಬಂದು ಒಂದೇ ಮಾತು ಹೇಳು. ಅದು ಆವತ್ತೂ ಒಗ್ಗಿರ್ಲಿಲ್ಲ ಅಂತ. ಸೋಮವಾರ ಪೈಪು ನಿನ್ನ ಬಾಯಲ್ಲಿರುತ್ತೆ."

"ಅದೇನೋ ಹಳೇ ಕಥೆ..."

"ಹೌದು, ಹಳೇದೇ."

"ಆವಾಗ ನನ್ನ ಹಲ್ಲೆಲ್ಲಾ ಇದ್ವು ಜೆಲಿ. ಆವಾಗ ಒಗ್ಗಿತ್ತೇನೋ."

"ಹಾಗಾದ್ರೆ ತಪ್ಪು ಹಲ್ಲಿಂದೇ. ಹಲ್ಲಿನ ಡಾಕ್ಟರ ಹತ್ರ ಹೋಗು. ನನ್ನ ಹತ್ರ ಯಾಕೆ ಬಂದೆ?"

ಅವನು ಪೈಪನ್ನು ಜೇಬಿಗಿಳಿಸಿಕೊಂಡ. ಬಾಗಿಲಲ್ಲಿ ಅವಳು ನನಗೆ ಮಾತ್ರ ಕೇಳುವಂತೆ, "ಕರೆದುಕೊಂಡು ಬಾ ಅವನನ್ನ. ನಾನು ಬೈಯಲ್ಲ," ಎಂದಳು. ಆ ದನಿಯಲ್ಲಿ ಎಂದಿನ ಖಾರ ಇರಲಿಲ್ಲ.

ಭಾನುವಾರ ಅವನು ಬಂದ. ಕ್ಷೌರ ಮಾಡಿಕೊಂಡು, ಚರ್ಚಿಗೆ ಹೋಗುವಾಗಿನ ಕೋಟು ತೊಟ್ಟು. ಐವರೂ ಕಿಟಕಿಯ ಪಕ್ಕದ ಮೇಜಿನಲ್ಲಿದ್ದರು. ಅವನಿಗೊಂದು ಕುರ್ಚಿ ಖಾಲಿ ಬಿಟ್ಟಿದ್ದರು. ಕೂತ. ಒಬ್ಬ ಅವನ ಲೋಟಕ್ಕೆ ವೈನು ಹಾಕಿದ. ಯಾರೂ ಚುಚ್ಚಲಿಲ್ಲ. ಅದೇ ಅವನಿಗೆ ಕಷ್ಟವಾಯಿತೋ ಏನೋ. ಬೈದಿದ್ದರೆ ತಿರುಗಿ ಬೈಯುವ ನೆಪದಲ್ಲಾದರೂ ಆ ಮಾತು ಹೊರಬರುತ್ತಿತ್ತು. ಲೋಟವನ್ನು ಎರಡೂ ಕೈಯಿಂದ ಎತ್ತಿದ. ವೈನು ಮೇಜಿನ ಮೇಲೆ ಚೆಲ್ಲಿತು. ಜೆಲಿ ಬಟ್ಟೆ ತೆಗೆದು ಒರೆಸಿ, ಕಾದಳು.

ಮೆರ್ಮೆ ಬಾಯಿ ತೆರೆದ. ಐವರೂ ಅವನ ದವಡೆಯನ್ನು ನೋಡಿದರು.

"ಈ ವರ್ಷ ಹಿಮ ಬೇಗ ಬೀಳೋ ಹಾಗಿದೆ," ಎಂದ.

"ಹೌದು, ಬೇಗ ಬೀಳುತ್ತೆ," ಎಂದಳು ಜೆಲಿ. ತನ್ನ ಲೋಟ ಖಾಲಿ ಮಾಡಿ ಎದ್ದು ಹೋದಳು.

ಒಂದು ವಾಕ್ಯ. ನಾನು ದಿನಕ್ಕೆ ಅಂಥ ಐವತ್ತು ವಾಕ್ಯ ಹೇಳುತ್ತೇನೆ, ಅರ್ಧಕ್ಕರ್ಧ ಸುಳ್ಳು, ನಾಲಗೆಗೆ ತಾಗುವುದೂ ಇಲ್ಲ. ಅವನಿಗೆ ಅದು ಸಾಧ್ಯವಾಗಲಿಲ್ಲ. ಹೇಳಿಬಿಟ್ಟರೆ ಆರು ವರ್ಷ ಆ ಚಕ್ರದ ಮುಂದೆ ಕೂತದ್ದು ಯಾವುದಕ್ಕೆ ಎಂದು ತನಗೆ ತಾನೇ ಹೇಳಿಕೊಳ್ಳಬೇಕಾಗುತ್ತಿತ್ತು.

ಅದಾದ ವಾರ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು ಬಂದ. ಮೇಲಿನ ಗೂಡಿನ ಕಡೆ ಕಣ್ಣು ಹಾಯಿಸಿ, "ಮಣ್ಣಿಂದು ಇದೆಯಾ?" ಎಂದು ಕೇಳಿದ. ಬಿಳಿ ಮಣ್ಣಿನ ಅಗ್ಗದ ಪೈಪು, ಜಾತ್ರೆಯಲ್ಲಿ ಗುರಿಯಿಟ್ಟು ಒಡೆಯಲು ನಿಲ್ಲಿಸುವಂಥದು. ತೂಕವೇ ಇಲ್ಲ. ಕೊಳವೆ ಸೀಸದ ಕಡ್ಡಿಯಷ್ಟು ಸಣ್ಣ. ಸೆಂ-ಕ್ಲೋದಿನ ಮನುಷ್ಯನೊಬ್ಬ ಅದನ್ನು ಬಾಯಿಗಿಟ್ಟದ್ದನ್ನು ನಾನು ನೋಡಿಯೇ ಇರಲಿಲ್ಲ.

"ಅದಕ್ಕೆ ದಾರ ಸುತ್ತಬೇಕು," ಎಂದೆ. "ಇಲ್ಲದಿದ್ರೆ ಹಲ್ಲನ್ನ ತಿಂದುಬಿಡುತ್ತೆ."

"ನನಗೇ ಹೇಳ್ಕೊಡ್ತೀಯಾ?"

ದಾರ ನಾನೇ ಸುತ್ತಿಕೊಟ್ಟೆ. ಕಚ್ಚಿದ. ನಿಂತಿತು. ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ಬೀದಿಯುದ್ದಕ್ಕೂ ಹೊಗೆ ಬಿಡುತ್ತಾ ಹೋದ. ಎದುರು ಮನೆಯ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅವನು ತಿರುಗಿ ನೋಡಲಿಲ್ಲ.

ದಾರ ಒದ್ದೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ಮತ್ತೆ ಸುತ್ತಿಸಿಕೊಳ್ಳಲು ನನ್ನ ಬಳಿ ಬರಲು ಅವನಿಗೆ ನಾಚಿಕೆ. ಬರೀ ಮಣ್ಣನ್ನೇ ಕಚ್ಚಿದ. ಈಸ್ಟರ್ ಹೊತ್ತಿಗೆ ಮೇಲಿನ ಎರಡು ಹಲ್ಲಿನಲ್ಲಿ ಒಂದು ಸೀಳಿ ಮುರಿದುಹೋಯಿತು, ಇನ್ನೊಂದು ಅಲುಗಾಡಿ ಬಿದ್ದುಹೋಯಿತು. ಕೆಳಗಿನ ಎರಡು ಗಟ್ಟಿಯಾಗಿವೆ, ಆದರೆ ಅವುಗಳ ಎದುರು ಯಾರೂ ಇಲ್ಲ.

ಈಗ ಅವನು ನಶ್ಯ ಕೊಳ್ಳುತ್ತಾನೆ. ನಶ್ಯಕ್ಕೆ ಹಲ್ಲು ಬೇಡ, ಕೈ ಬೇಕು. ಡಬ್ಬಿಯಿಂದ ಮೂಗಿಗೆ ಹೋಗುವಷ್ಟರಲ್ಲಿ ಅರ್ಧ ಕೋಟಿನ ಮೇಲೆ ಉದುರುತ್ತದೆ. ಬೇರೆಯವರಿಗೆ ವಾರಕ್ಕೊಂದು ಡಬ್ಬಿ ಸಾಕು, ಮೆರ್ಮೆಗೆ ಎರಡು ಬೇಕು. ಎರಡನ್ನೂ ನಾನೇ ಕೊಡುತ್ತೇನೆ.