ನೀಲಮ್ಮನ ಬೈಗುಳಕ್ಕೆ ನಾನು ಹಚ್ಚಿದ ಅರ್ಥ

ನೀಲಮ್ಮ ಬೈದರು. ನಾನು ಅದನ್ನು ‘ನಾಚಿಕೊಂಡಿದ್ದಾರೆ’ ಎಂದು ಉರ್ದುವಿನಲ್ಲಿ ಹೇಳಿದೆ. ಇದೇ ನನ್ನ ತಪ್ಪು. ಇಷ್ಟೇನಾ ಎಂದು ನೀವು ಕೇಳಬಹುದು — ನಾನೂ ಹಲವು ವರ್ಷ ಇಷ್ಟೇನಾ ಎಂದುಕೊಂಡೇ ಹೊಟ್ಟೆತುಂಬ ಉಂಡು ಮಲಗಿದವನು.

ಆಗ ನಿಜಾಮರ ಆಳ್ವಿಕೆ. ನಾನು ವಾಡಿಯಲ್ಲಿ ಗುತ್ತೇದಾರ ದೌಲತಚಂದರ ಹತ್ತಿರ ಮುನಶಿಯಾಗಿದ್ದೆ. ಹೈದರಾಬಾದಿನ ದೊಡ್ಡ ಮನೆಗಳಿಗೆ ಅವರು ಶಹಾಬಾದಿನ ಹಾಸುಗಲ್ಲು ಕೊಳ್ಳುತ್ತಿದ್ದರು. ಅವರಿಗೆ ಕನ್ನಡ ಬಾರದು. ಕಲ್ಲಿನ ಗಣಿಯವರಲ್ಲಿ ಹಲವರಿಗೆ ಉರ್ದು ಬಾರದು. ನಡುವೆ ಗೋಪಿಚಂದನ ಹಚ್ಚಿಕೊಂಡು ನಾನು. ಅವರ ಮಾತು ಇವರಿಗೆ, ಇವರ ಮಾತು ಅವರಿಗೆ — ಎರಡೂ ಕಡೆಯವರು ನನ್ನನ್ನು ನಂಬಿದ್ದರು. ಅದೊಂದು ಬಗೆಯ ಅಧಿಕಾರವೆಂದು ಆಗ ನನಗೆ ಹೊಳೆದಿರಲಿಲ್ಲ.

ಶಹಾಬಾದಿನ ನೀಲಮ್ಮ ಗಂಡ ತೀರಿಕೊಂಡ ಮೇಲೆ ಗಣಿಯನ್ನು ತಾವೇ ನಡೆಸುತ್ತಿದ್ದರು. ಹಣೆಯ ತುಂಬ ವಿಭೂತಿ, ಗಟ್ಟಿ ಧ್ವನಿ. ಗಣಿ ತನಗೆ ಬರಲಿ ಎಂದು ಅವರ ಮೈದುನ ಕಾದು ಕುಳಿತಿದ್ದ. ಹಾಗಾಗಿ ನಮ್ಮ ಗುತ್ತೇದಾರರ ಖರೀದಿ ಅವರಿಗೆ ಬೇಕೇಬೇಕಿತ್ತು. ಇದು ದೌಲತಚಂದರಿಗೂ ಚೆನ್ನಾಗಿ ಗೊತ್ತಿತ್ತು.

ಮೊದಲ ಸಲ ಮಾತುಕತೆಗೆ ಕುಳಿತಾಗಲೇ ಅವರು ಕಲ್ಲಿನ ಮಾತು ಬಿಟ್ಟು ಆಕೆಯ ಕಣ್ಣಿನ ವಿಷಯ ಎತ್ತಿದರು. ಸೊಂಟದ ವಿಷಯವನ್ನೂ ಎತ್ತಿದರು. ನನ್ನ ಕಿವಿ ಬಿಸಿಯಾಯಿತು.

“ಏನಂತಾರ್ರಿ ಸಾಹೇಬ್ರು?” ನೀಲಮ್ಮ ಕೇಳಿದರು.

“ನಿಮ್ಮ ಕಲ್ಲು ಭಾಳ ಛಲೋ ಅದಾವಂತ್ರಿ,” ಎಂದೆ.

ಗೌರವ ಉಳಿಸಿದೆನೆಂದು ಒಳಗೊಳಗೇ ಬೀಗಿದೆ — ಯಾರ ಗೌರವ? ನನ್ನ ನೌಕರಿಯದು. ದೌಲತಚಂದರು ಮತ್ತಷ್ಟು ಮಾತಾಡಿದರು. ನಾನು ಮತ್ತಷ್ಟು ಕಲ್ಲನ್ನು ಹೊಗಳಿದೆ. ತಮ್ಮ ಕಲ್ಲಿಗೆ ಇಷ್ಟು ಮರ್ಯಾದೆ ಇದೆಯೆಂದು ತಿಳಿದ ನೀಲಮ್ಮ ನಗುತ್ತಾ ದರ ಏರಿಸಿದರು. ಆ ನಗುವಿಗೆ ದೌಲತಚಂದರು ತಮಗೆ ಬೇಕಾದ ಅರ್ಥ ಮಾಡಿಕೊಂಡು ಏರಿದ ದರಕ್ಕೂ ಒಪ್ಪಿದರು. ನನಗಿಂತ ಜಾಣ ದುಭಾಷಿ ಈ ಸೀಮೆಯಲ್ಲಿಲ್ಲ ಎಂದುಕೊಂಡೆ.

ಮುಂದಿನ ಸಲ ಅವರೆಂದರು: ಹೈದರಾಬಾದಿನ ನನ್ನ ಬಂಗಲೆಗೆ ಒಬ್ಬಳೇ ಬರಲು ಹೇಳು, ನಿಧಾನವಾಗಿ ಮಾತಾಡೋಣ.

ನಾನೆಂದೆ: “ಬಂಗಲೇಕ್ಕ ಒಂದೀಟು ನಮೂನೆ ಕಲ್ಲು ಕಳಸ್ರಿ ಅಂತಾರ.”

ನೀಲಮ್ಮನದು ಧಾರಾಳ ಕೈ. ಗೂಡ್ಸ್ ಗಾಡಿಯಲ್ಲಿ ಕಲ್ಲು ಹೋಯಿತು. ಅತ್ತರು ಪೂಸಿಕೊಂಡು ಕಾದಿದ್ದ ದೌಲತಚಂದರ ಬಾಗಿಲಿಗೆ ಎರಡು ಬಂಡಿ ಹಾಸುಗಲ್ಲು ಬಂದು ಬಿದ್ದವು. ತವರಿಂದ ಮರಳಿದ ಹೆಂಡತಿ ಇದೇನೆಂದು ಕೇಳಿದಾಗ, ನಿನ್ನ ಪೂಜೆಯ ಕೋಣೆಗೆ ಎಂದುಬಿಟ್ಟರಂತೆ. ಹೇಳಿದ ಮೇಲೆ ಹಾಸಿಸಲೇಬೇಕಲ್ಲ! ವಾಡಿಗೆ ಬಂದವರು ಸಿಟ್ಟಾಗಲಿಲ್ಲ — “ಹೆಣ್ಣು ತಮಾಷೆ ಮಾಡ್ತಾಳೆ,” ಎಂದು ಮೀಸೆ ತಿರುವಿಕೊಂಡರು. ನನ್ನ ಸುಳ್ಳು ಅವರಿಗೆ ಧೈರ್ಯವಾಗಿತ್ತು. ಆ ಹೊತ್ತಿಗಾದರೂ ನಾನು — ಇಲ್ಲ, ಬಾಯಿ ಬಿಡಲಿಲ್ಲ.

ಮೂರನೆಯ ಸಲ ದೌಲತಚಂದರು ಮಾತಾಡಲೇ ಇಲ್ಲ. ನೀಲಮ್ಮ ನಮೂನೆಯ ಕಲ್ಲನ್ನು ಮೇಜಿನ ಮೇಲೆ ಇಡುತ್ತಿದ್ದಂತೆ ಆಕೆಯ ಕೈ ಹಿಡಿದರು.

ಕೈ ಹಿಡಿದದ್ದಕ್ಕೆ ಹಚ್ಚಲು ನನ್ನ ಹತ್ತಿರ ಯಾವ ಅರ್ಥವೂ ಇರಲಿಲ್ಲ. ಆದರೂ ನಾಲಿಗೆ ತಾನಾಗಿಯೇ ಹೊರಳಿತು: “ಇದು ಅವರ ಕಡೆ ರಿವಾಜು ರೀ. ಸೌದಾ ಕುದುರಿದ್ರ ಕೈ ಹಿಡೀತಾರ.”

ನೀಲಮ್ಮ ನನ್ನನ್ನೊಮ್ಮೆ ನೋಡಿದರು. ಆಮೇಲೆ ಗುತ್ತೇದಾರರ ಕಡೆ ತಿರುಗಿದರು.

“ಕಲ್ಲು ತಗೊಳ್ಳಾಕ ಬಂದೀದಿ, ಕಲ್ಲು ತಗೊಂಡು ನಡಿ, ಖೋಡಿ! ಇನ್ನೊಮ್ಮೆ ಮುಟ್ಟಿದ್ರ ಇದ ಫರಸಿಕಲ್ಲು ನಿನ್ನ ತಲೀ ಮ್ಯಾಲ ಹಾಸ್ತೀನಿ. ಹೇಳ್ರಿ ಆಚಾರ್ರೇ, ಒಂದಕ್ಷರ ಬಿಡದಂಗ ಹೇಳ್ರಿ!”

ದೌಲತಚಂದರು ನನ್ನತ್ತ ಹುಬ್ಬು ಹಾರಿಸಿದರು.

“ಹುಜೂರ್,” ಎಂದೆ, “ಶರ್ಮಾ ರಹೀ ಹೈಂ.”

ನಾಚಿದ್ದಾಳೆಂದು ಕೇಳಿ ಅವರು ಹಲ್ಲುಕಿರಿದು ಕೈಯನ್ನು ಇನ್ನೂ ಬಿಗಿಯಾಗಿ ಅದುಮಿದರು.

“ನಾ ಬೈದೀನಿ, ಇಂವ ನಗಲಿಕತ್ತಾನ,” ನೀಲಮ್ಮನ ಧ್ವನಿ ಈಗ ತಗ್ಗಿತ್ತು. “ನೀವೇನು ಹೇಳಿದ್ರಿ ಆಚಾರ್ರೇ?”

ನನಗೆ ಬರುತ್ತಿದ್ದ ಎರಡು ಭಾಷೆಯೂ ಮರೆತುಹೋದವು. ನೀಲಮ್ಮನಿಗೆ ಉರ್ದು ಬಾರದಿದ್ದರೂ ಸಂತೆಗೆ ಹೋದವರೆಲ್ಲ ಕಲಿಯುವ, ‘ಬೇಡ’ ಎನ್ನುವ ಒಂದು ಮಾತು ಬರುತ್ತಿತ್ತು. ಕೈ ಕಿತ್ತುಕೊಂಡು ಎದ್ದು ನಿಂತರು.

“ನಕ್ಕೋ,” ಎಂದರು. “ಹಾತ್ ನಕ್ಕೋ. ಸೌದಾ ನಕ್ಕೋ. ತೂ ಭೀ ನಕ್ಕೋ!” ಬಾಗಿಲಲ್ಲಿ ಸೆರಗು ಸರಿಮಾಡಿಕೊಂಡು ನನ್ನತ್ತ ತಿರುಗಿದರು: “ಇದಕ್ಕ ನೀವು ಅರ್ಥ ಹಚ್ಚಬ್ಯಾಡ್ರಿ.”

ಹೋದರು. ಕೇಳಿದರೆ ನಗುತ್ತೀರಿ — ರೂಢಿಬಲದಿಂದ ನಾನು ಆಗಲೂ, “ಹುಜೂರ್, ಅವರು ಏನಂತಾರೆಂದರೆ...” ಎಂದು ಶುರುಮಾಡಿದ್ದೆ. ದೌಲತಚಂದರು ಬಾಯಿ ಮುಚ್ಚೆಂದರು.

ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಬರೀ ಹೇಡಿ. ಮುಂದೆ ಅದಕ್ಕಿಂತ ಕೀಳಾದೆ. ನೀಲಮ್ಮನ ಕಲ್ಲನ್ನು ಏಕೆ ಬಿಟ್ಟಿರಿ ಎಂದು ಸೇಡಂ, ಚಿತ್ತಾಪುರದ ವ್ಯಾಪಾರಿಗಳು ಕೇಳಿದರು. ಗುತ್ತೇದಾರರು ಕಲಿಸಿಕೊಟ್ಟಂತೆ, “ಆಕಿ ಬಾಯಿ ಭಾಳ ಜೋರು, ಮಾತಿಗಿ ನಿಲ್ಲೂದಿಲ್ಲ,” ಎಂದೆ. ಮುನಶಿಯ ಮಾತು — ಎಲ್ಲರೂ ನಂಬಿದರು. ಕೊಳ್ಳುವವರು ಹಿಂದೆ ಸರಿದರು. ಗಣಿಯಲ್ಲಿ ಹುಲ್ಲು ಬೆಳೆಯಿತು. ಕೊನೆಗೆ ಅರ್ಧ ಗಣಿ ಮೈದುನನ ಪಾಲಾಯಿತು. ದೌಲತಚಂದರಿಗೆ ಏನೂ ಆಗಲಿಲ್ಲ. ಊರು ಬಿಟ್ಟು ಸುಖವಾಗಿ ಹೋದರು.

ಹೋದ ತಿಂಗಳು ಶಹಾಬಾದಿಗೆ ಹೋಗಿ ನೀಲಮ್ಮನ ಮುಂದೆ ಕುಳಿತೆ. ನಾನು ಆಡಿದ ಸುಳ್ಳುಗಳನ್ನೆಲ್ಲ ಹೇಳಿದೆ. ಅವರಿಗೆ ಈಗ ತಲೆ ಪೂರ್ತಿ ಬೆಳ್ಳಗಾಗಿದೆ.

“ಅಂವ ಖರೇ ಏನಂದಿದ್ದ? ಕನ್ನಡದಾಗ ಹೇಳ್ರಿ,” ಎಂದರು.

ಹೇಳಲು ಹೋಗಿ ಈ ವಯಸ್ಸಿನಲ್ಲೂ ನಾನು ತಡವರಿಸಿದೆ. ನೀಲಮ್ಮ ಬಿದ್ದು ಬಿದ್ದು ನಕ್ಕರು. “ನೀವ ನಾಚಲಿಕತ್ತೀರಿ ನೋಡ್ರಿ!” ಆಮೇಲೆ ನಾನು ಒಂದೊಂದಾಗಿ ಹೇಳಿದೆ. ನಗು ನಿಂತಿತು.

“ಕಲ್ಲು ಛಲೋ ಅದಾವ ಅಂತ ಒಮ್ಮಿನೂ ಅನ್ನಲಿಲ್ಲೇನು?” ಎಂದು ಕೇಳಿದರು.

“ಇಲ್ರಿ.”

ಕ್ಷಮಿಸಿರಿ ಎಂದೆ. “ನನ್ನ ಮುಂದ ಹೇಳಿದ್ರ ಏನು ಬಂತ್ರಿ? ಬಾಯಿ ಜೋರು ಅಂತ ಎಲ್ಲೆಲ್ಲಿ ಹೇಳಿ ಬಂದೀರಿ, ಅಲ್ಲಿ ಹೋಗಿ ಹೇಳ್ರಿ,” ಎಂದರು.

ಹೋಗುತ್ತಿದ್ದೇನೆ. ನಿನ್ನೆ ಚಿತ್ತಾಪುರದಲ್ಲಿ ಸಂಗಪ್ಪ ಸಾಹುಕಾರರ ಅಂಗಡಿಯಿಂದ ಶುರುಮಾಡಿದೆ. ಪೇಟೆ ತುಂಬಿತ್ತು. ಅವರು “ಬರ್ರಿ, ಕುಂದ್ರಿ,” ಎಂದು ಚಹಾ ತರಿಸಿದರು. ನಾನು ಕೂರಲಿಲ್ಲ. ಅವರ ಹತ್ತಿರ ಬಾಗಿ, ಮೆಲ್ಲಗೆ, ನೀಲಮ್ಮನ ವಿಷಯದಲ್ಲಿ ನಾನು ಸುಳ್ಳು ಹೇಳಿದ್ದೆ ಎಂದೆ. ಸಾಹುಕಾರರಿಗೆ ಈಚೆಗೆ ಕಿವಿ ಮಂದವಾಗಿದೆಯೆಂದು ನನಗೆ ಗೊತ್ತಿರಲಿಲ್ಲ. ಅವರು ಕಿವಿಗೆ ಕೈ ಹಚ್ಚಿ, “ಕೇಳವಲ್ದು ಆಚಾರ್ರೇ, ಜೋರಾಗಿ ಹೇಳ್ರಿ!” ಎಂದು ಕೂಗಿದರು. ಅಕ್ಕಪಕ್ಕದ ಅಂಗಡಿಗಳವರು ತಿರುಗಿ ನೋಡಿದರು.

ಜೋರಾಗಿ ಹೇಳಿದೆ.